ತಾರಸಿಯ ಬೀಗದಕೈ

ತಾರಸಿಯ ಬಾಗಿಲಿಗೆ ನಾವು ಬೀಗ ಹಾಕಿದ್ದು ಕಳ್ಳರಿಗೆ ಹೆದರಿ ಅಲ್ಲ. ಜಯಲಕ್ಷ್ಮಿಪುರಂನಲ್ಲಿ ಮನೆ ಕಟ್ಟಿಸುವಾಗ, ದೇವರ ತಲೆಯ ಮೇಲೆ ಯಾರೂ ಓಡಾಡಬಾರದೆಂದು ನನ್ನ ಹೆಂಡತಿ ದೇವರ ಮನೆಯನ್ನು ಮಹಡಿಯಲ್ಲಿ ಮಾಡಿಸಿದ್ದಳು. ಆಮೇಲೆ ಮಹಡಿಯ ಮೂರು ಕೋಣೆಗಳನ್ನು ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟೆವು. ಅವರು ಬಟ್ಟೆ ಒಣಗಿಸಲು ತಾರಸಿಗೆ ಹೋಗತೊಡಗಿದರು. ದೇವರ ನೆತ್ತಿಯ ಮೇಲೆಯೇ ಒಳಬಟ್ಟೆಗಳ ಸಾಲು! ಹೆಂಡತಿ ಸಿಡುಕಿದಳು, ನಾನು ಬೀಗ ತಂದೆ. ಬೀಗದಕೈಯನ್ನು ಅವಳು ದೇವರ ಮನೆಯ ಒಳಗೆ, ಎದುರುಗೋಡೆಯ ಮೊಳೆಗೆ ತೂಗುಹಾಕಿದಳು. ದೇವರ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇದ್ದರೂ ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ ಎಂಬ ಧೈರ್ಯ.

ಬಾಡಿಗೆಮನೆ, ಪೀಜಿಗಳಲ್ಲಿ ಬೆಂಕಿಯ ಮುನ್ನೆಚ್ಚರಿಕೆ ನೋಡಲು ಒಮ್ಮೆ ಒಬ್ಬ ಅಧಿಕಾರಿ ಬಂದರು. ಕೊಟ್ಟ ಕಾಫಿಯನ್ನೂ ಕುಡಿಯದ ಮನುಷ್ಯ.

"ಇರೋದು ಒಂದೇ ಮೆಟ್ಟಿಲು ಸಾರ್. ಅದರ ಕೆಳಗೇ ಮೀಟರ್ ಬೋರ್ಡು, ಅಲ್ಲೇ ನಿಮ್ಮ ಸ್ಕೂಟರ್ ಚಾರ್ಜಿಗೆ ಹಾಕ್ತೀರಿ. ಕಿಟಕಿ, ಬಾಲ್ಕನಿಗೆಲ್ಲ ಗ್ರಿಲ್ಲು. ಇಲ್ಲಿ ಹತ್ತಿಕೊಂಡ್ರೆ ಮೇಲಿನವರು ಎಲ್ಲಿಂದ ಆಚೆ ಬರ್ತಾರೆ?"

"ತಾರಸಿ ಇದೆಯಲ್ಲ, ಪಕ್ಕದ ಮನೆ ತಾರಸಿಗೆ ದಾಟಬಹುದು" ಎಂದೆ.

"ಹಾಗಾದ್ರೆ ಆ ಬಾಗಿಲಿಗೆ ಬೀಗ ಇರಕೂಡದು. ಒಳಗಡೆ ಚಿಲಕ ಸಾಕು. ಸ್ಕೂಟರ್ ಆಚೆ ನಿಲ್ಲಿಸಿ."

ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಹೇಳಿಕೊಟ್ಟವನು ನಾನು. ಬಿಸಿಗಾಳಿ ಮೇಲೇರುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಬರೆದು ತೋರಿಸಿದವನು. ನನಗೇ ಪಾಠ ಹೇಳಲು ಬಂದನಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ಬೀಗ ತೆಗೆದೆ, ಸ್ಕೂಟರನ್ನು ಆಚೆ ನಿಲ್ಲಿಸಿದೆ, ಬೆಂಕಿ ಆರಿಸುವ ಕೆಂಪು ಸಿಲಿಂಡರೊಂದನ್ನು ತಂದು ಮೀಟರ್ ಬೋರ್ಡಿನ ಪಕ್ಕದಲ್ಲೇ ತೂಗುಹಾಕಿದೆ. ಅವರು ಮತ್ತೊಮ್ಮೆ ಬಂದು ನೋಡಿ, ಸರಿ ಎಂದು ಹೋದರು.

ಮರುದಿನ ಪೂಜೆಗೆ ಕೂತ ಹೆಂಡತಿಗೆ ನೆತ್ತಿಯ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. "ಅವರೇನು ದಿನಾ ಬಂದು ನೋಡ್ತಾರಾ? ಹಾಕ್ಬಿಡಿ ಅಂದ್ರೆ" ಎಂದಳು. ನನ್ನ ಕೈಯಿಂದಲೇ ಬೀಗ ಹಾಕಿದೆ. ಮಳೆಗೆ ನೆನೆಯುತ್ತದೆಂದು ಸ್ಕೂಟರೂ ಮೆಟ್ಟಿಲ ಕೆಳಗೆ ವಾಪಸು ಬಂತು.

ಅದಾದ ಮೇಲೆ ಬಂದವಳು ಆ ಹುಡುಗಿ. ನಂಜನಗೂಡಿನ ಕಡೆಯ ಹಳ್ಳಿಯವಳು, ಕಣ್ಣಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೆಲಸ. ಬಿಟ್ಟುಹೋಗಲು ಅವಳ ಅಪ್ಪ ಜೊತೆಗೆ ಬಂದಿದ್ದ. "ಆ ಮೂರು ದಿನ ದೇವರ ಮನೆ ಹೊಸಿಲು ತುಳೀಬಾರದು ಕಣಮ್ಮ" ಎಂದು ನನ್ನ ಹೆಂಡತಿ ಹೇಳಿದಾಗ ಮಗಳಿಗಿಂತ ಮೊದಲು ಅಪ್ಪನೇ ತಲೆಯಾಡಿಸಿದ. "ಅಮ್ಮಾವ್ರು ಯೋಳ್ದಂಗೆ ಕೇಳ್ಕೊಂಡಿರವ್ವ" ಎಂದು ಮಗಳಿಗೂ ಹೇಳಿದ. ಉಳಿದ ಹುಡುಗಿಯರು ಈ ನೇಮಕ್ಕೆ ನಗುತ್ತಿದ್ದರು. ಇವಳು ಆ ದಿನಗಳಲ್ಲಿ ಹೊಸಿಲಿನಿಂದ ಮಾರು ದೂರ, ಗೋಡೆಗೆ ಒತ್ತಿಕೊಂಡೇ ನಡೆಯುತ್ತಿದ್ದಳು. ನಮಗೆ ಅವಳೆಂದರೆ ಅಚ್ಚುಮೆಚ್ಚು.

ಒಂದು ಮಧ್ಯಾಹ್ನ ಉಳಿದವರು ಕೆಲಸಕ್ಕೆ ಹೋಗಿದ್ದರು. ಇವಳು ಹೊಟ್ಟೆನೋವೆಂದು ರಜೆ ಹಾಕಿ ಮಲಗಿದ್ದಳು. ಅವಳ ಅಪ್ಪ ಹಿಂದಿನ ದಿನ ತಂದುಕೊಟ್ಟ ಅವರೆಕಾಯಿಯನ್ನು ನಾವಿಬ್ಬರೂ ವರಾಂಡದಲ್ಲಿ ಕೂತು ಸುಲಿಯುತ್ತಿದ್ದೆವು. ಒಳಗೆ ಏನೋ ಸಿಡಿದ ಸದ್ದಾಯಿತು. ಎದ್ದು ನೋಡುವಷ್ಟರಲ್ಲಿ ಸ್ಕೂಟರೂ ಬೋರ್ಡೂ ಒಟ್ಟಿಗೆ ಉರಿಯುತ್ತಿದ್ದವು. ಸಿಲಿಂಡರು ಬೆಂಕಿಯ ಆಚೆಗಿತ್ತು. ಕಪ್ಪು ಹೊಗೆ ಮೆಟ್ಟಿಲ ದಾರಿಯಲ್ಲಿ ಮೇಲೇರುತ್ತಿತ್ತು, ನಾನು ಬಾಣ ಬರೆದು ತೋರಿಸುತ್ತಿದ್ದ ಹಾಗೆಯೇ.

ಬೀದಿಗೆ ಓಡಿ ಕೂಗಿದೆವು. ಅವಳು ಬಾಲ್ಕನಿಯ ಗ್ರಿಲ್ಲಿಗೆ ಬಂದಳು.

"ಬೀಗದಕೈ ದೇವರ ಮನೇಲಿದೆ! ತಗೊಂಡು ತಾರಸಿಗೆ ಹೋಗು!" ಎಂದು ಕಿರುಚಿದೆ.

"ಆಂಟೀ, ನಾನು ಇವತ್ತು..." ಎಂದು ಕೆಮ್ಮಿದಳು. ಮುಂದಿನದು ಕೇಳಿಸಲಿಲ್ಲ. ಹೆಂಡತಿಗೆ ಅರ್ಥವಾಯಿತು. "ಪರವಾಗಿಲ್ಲ, ಹೋಗಮ್ಮಾ! ಒಳಗೆ ಹೋಗು!" ಎಂದು ಗಂಟಲು ಹರಿಯುವಂತೆ ಕೂಗಿದಳು. ಅಷ್ಟರಲ್ಲಿ ಹುಡುಗಿ ತಿರುಗಿ ಹೊಗೆಯೊಳಗೆ ಹೋಗಿಬಿಟ್ಟಿದ್ದಳು. ಪಕ್ಕದ ತಾರಸಿಯಲ್ಲಿ ಇಬ್ಬರು ಕೈಚಾಚಿ ಕಾದರು. ನಾವು ಕತ್ತೆತ್ತಿ ನೋಡುತ್ತಲೇ ನಿಂತೆವು. ಯಾರೂ ಬರಲಿಲ್ಲ.

ಅಗ್ನಿಶಾಮಕದವರು ಹೊತ್ತು ತಂದಾಗ ಉಸಿರಿರಲಿಲ್ಲ. ಅವರಲ್ಲೊಬ್ಬ ಆಮೇಲೆ ನನ್ನನ್ನು ಕೇಳಿದ: "ದೇವರ ಮನೆ ಬಾಗಿಲ ಹೊರಗೆ ಬಿದ್ದಿದ್ರು ಸಾರ್. ಕೈಯಲ್ಲಿ ಬಟ್ಟೆ ಹರವೋ ಕೋಲಿತ್ತು. ಅದ್ಯಾಕೆ?"

ಯಾಕೆಂದು ನನಗೆ ಗೊತ್ತಿತ್ತು. ಹೊಸಿಲಿನ ಹೊರಗೇ ನಿಂತು, ಕೋಲಿನ ತುದಿಯಿಂದ ಬೀಗದಕೈಯನ್ನು ಎಳೆದುಕೊಳ್ಳಲು ನೋಡಿದ್ದಳು. ಅದು ಮೊಳೆಯಿಂದ ಜಾರಿ ದೀಪದ ಕಂಬದ ಹಿಂದೆ ಬಿದ್ದಿತ್ತು. ಒಳಗೆ ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

ನನ್ನ ಮೇಲೆ ಕೇಸು ನಡೆಯುತ್ತಿದೆ. ನಡೆಯಲಿ, ಶಿಕ್ಷೆಯೂ ಆಗಲಿ. ದೇವರ ಮುಂದೆ ಹೆಂಡತಿ ಈಗ ದೀಪ ಹಚ್ಚುವುದಿಲ್ಲ, ನಾನೂ ಹಚ್ಚು ಎನ್ನುವುದಿಲ್ಲ.

ಅಂದು ಶವಾಗಾರದ ಮುಂದೆ ಹುಡುಗಿಯ ಅಪ್ಪ ನನ್ನ ಬಳಿ ಬಂದಾಗ ಕಪಾಳಕ್ಕೆ ಹೊಡೆಯಲಿ ಎಂದು ಮನಸಾರೆ ಬಯಸಿದೆ. ಕೋಲಿನ ವಿಷಯ ಆತನ ಕಿವಿಗೂ ಬಿದ್ದಿತ್ತು. ಆತ ಕೈಮುಗಿದ.

"ಸ್ವಾಮಿ, ನಮ್ಮುಡ್ಗಿ ಒಳಕ್ಕೇನಾರ ಕಾಲು ಮಡಗ್ಬುಟ್ಟಿದ್ಲಾ? ಮಡಗಿದ್ರೆ ತಪ್ಪಾಯ್ತು ಅಂತ ಹೊಟ್ಟೆಗಾಕ್ಕಬುಡಿ."

"ಇಲ್ಲ, ಇಡಲಿಲ್ಲ" ಎಂದೆ.

ಆತ ಸಮಾಧಾನದಿಂದ ತಲೆಯಾಡಿಸಿದ.