ಹನ್ನೆರಡು ನಿಮಿಷದ ಪ್ಲಗ್ಗು

೧೯೯೮ನೆಯ ಇಸವಿಯ ಫೆಬ್ರವರಿ ೯, ಸೋಮವಾರ. ಚಳಿಗಾಲ ಹೊರಟು ನಿಂತಿತ್ತು; ಆದರೂ ಬೆಳಗಿನ ಮಂಜು ಏಳೂವರೆಯವರೆಗೆ ಅಂಗಳ ಬಿಟ್ಟು ಕದಲಿರಲಿಲ್ಲ. ಅದು ಕರಗಿ, ಎಳೆಬಿಸಿಲು ತಗಡಿನ ಷೆಡ್ಡಿನ ಬಾಗಿಲಿಗೆ ತಾಗುವ ಹೊತ್ತಿಗೆ ಫಿಟ್ಟರನ ಕೈಗೆ ಒಂದು ಆಜ್ಞಾಪತ್ರ ಬಂದಿತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಬರುವ ನರ್ಸುಗಳ ಕಚೇರಿ ಅದು. ಅಲ್ಲಿ ಒಂಬತ್ತು ಮೋಟಾರ್ ಸೈಕಲ್ಲುಗಳು, ಒಂಬತ್ತಕ್ಕೂ ಆತನೊಬ್ಬನೇ ಫಿಟ್ಟರ್. ಪತ್ರದ ಸಾರಾಂಶ ಇಷ್ಟು: ಸ್ಪಾರ್ಕ್ ಪ್ಲಗ್ಗು ಬದಲಾಯಿಸಲು ಗಾಡಿ ತಯಾರಿಸಿದ ಕಂಪನಿಯ ಪುಸ್ತಕದ ಪ್ರಕಾರ ಹನ್ನೆರಡು ನಿಮಿಷ ಸಾಕು, ಫಿಟ್ಟರ್ ಒಂದು ಗಂಟೆ ತೆಗೆದುಕೊಳ್ಳುತ್ತಿರುವುದು ಕಂಡುಬಂದಿದೆ, ಫೆಬ್ರವರಿ ೨೮ರ ಶನಿವಾರ ಪುಸ್ತಕದ ಅವಧಿಯಲ್ಲಿ ಮಾಡಿ ತೋರಿಸತಕ್ಕದ್ದು, ತಪ್ಪಿದಲ್ಲಿ ಮಾರ್ಚ್ ೨ರಿಂದ ಷೆಡ್ಡನ್ನು ಮುಚ್ಚಿ, ಗಾಡಿಗಳನ್ನು ಹೊರಗಿನ ಅಂಗಡಿಗೆ ವಹಿಸಿ, ಫಿಟ್ಟರನನ್ನು ಉಗ್ರಾಣಕ್ಕೆ ವರ್ಗಾಯಿಸಲಾಗುವುದು.

ಉಗ್ರಾಣವೆಂದರೆ ಹತ್ತಿಯ ಸುರುಳಿಗಳನ್ನೂ ಬ್ಯಾಂಡೇಜಿನ ಕಟ್ಟುಗಳನ್ನೂ ಎಣಿಸಿ ಕಪಾಟಿನಲ್ಲಿಡುವ ಕೆಲಸ. ೧೯೭೯ನೆಯ ಜೂನ್ ೪ರಂದು ಸೇವೆಗೆ ಸೇರಿದ ದಿನದಿಂದ ಎಣ್ಣೆಯ ವಾಸನೆಯಿಲ್ಲದ ಕೋಣೆಯಲ್ಲಿ ಒಂದು ಗಂಟೆಯೂ ಕುಳಿತು ಗೊತ್ತಿಲ್ಲದ ಮನುಷ್ಯನಿಗೆ ಅದು ನೀರಿನಿಂದ ಎತ್ತಿ ದಡಕ್ಕೆ ಹಾಕಿದಂತೆಯೇ ಸರಿ.

ನರ್ಸುಗಳು ಆತನನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಹೆಸರು ಅನ್ವರ್ಥವೇ. ಒಂದು ದಪ್ಪ ಹಲಗೆಗೆ ನಲವತ್ತು ತೂತು ಕೊರೆದು ಇಟ್ಟುಕೊಂಡಿದ್ದ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ತೂತಿಗೆ, ಎರಡನೆಯದು ಎರಡನೆಯದಕ್ಕೆ. ಮತ್ತೆ ಕೂಡಿಸುವಾಗ ಹಲಗೆಯ ಕೊನೆಯಿಂದ ಹಿಂದಕ್ಕೆ. ಸುಮಾರು ಹತ್ತೊಂಬತ್ತು ವರ್ಷಗಳಲ್ಲಿ ಒಂದು ವಾಷರ್ ಕೂಡ ಹೆಚ್ಚುಳಿದಿರಲಿಲ್ಲ. ಹಳೆಯ ಗಾಡಿಗಳಿದ್ದಾಗ ಈ ನಿಧಾನ ಯಾರಿಗೂ ಭಾರವಾಗಿರಲಿಲ್ಲ. ಅವುಗಳ ಪ್ಲಗ್ಗು ಎಂಜಿನ್ನಿನ ಮುಂಭಾಗದಲ್ಲಿ ಬಯಲಿಗೇ ಇತ್ತು. ಕಣ್ಣು ಮುಚ್ಚಿಕೊಂಡು ಬಿಚ್ಚಬಹುದಾಗಿತ್ತು.

೧೯೯೭ನೆಯ ನವೆಂಬರ್ ೧೨ರಂದು ಹೊಸ ಗಾಡಿಗಳು ಬಂದವು. ನೋಡಲು ಲಕ್ಷಣವಾದವು, ಓಡಲು ಚುರುಕಾದವು. ಮುಟ್ಟಿದಾಗ ಗೊತ್ತಾಯಿತು ಒಳಗಿನ ಹುಳುಕು. ಪ್ಲಗ್ಗು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿತ್ತು. ಟ್ಯಾಂಕಿನ ಬೋಲ್ಟು ಸೀಟಿನ ಅಡಿಯಲ್ಲಿ. ಸೀಟಿನ ಬೋಲ್ಟುಗಳು ಪಕ್ಕದ ಮುಚ್ಚಳಗಳ ಹಿಂದೆ. ಎಡ ಮುಚ್ಚಳದ ಒಂದು ಸ್ಕ್ರೂ ಔಷಧಿಪೆಟ್ಟಿಗೆ ಇಡುವ ಕ್ಯಾರಿಯರಿನ ಕಂಬಿಯ ಮರೆಗೆ. ಆದ್ದರಿಂದ ಮೊದಲು ಕ್ಯಾರಿಯರ್ ಕಳಚಬೇಕು. ಮೂಗು ಮುಟ್ಟಲು ತಲೆಯ ಹಿಂದಿನಿಂದ ಕೈ ತರುವ ವ್ಯವಸ್ಥೆ. ಇಷ್ಟು ಸಾಲದೆಂಬಂತೆ, ಎಂಜಿನ್ನಿನ ಹಳೆಯ ಎಣ್ಣೆ ಇಳಿಸುವ ಬಿರಡೆ ಸ್ಟ್ಯಾಂಡಿನ ಅಡ್ಡಪಟ್ಟಿಯ ನೆತ್ತಿಯ ಮೇಲೇ ಇತ್ತು. ಎಣ್ಣೆ ಪಟ್ಟಿಗೆ ಬಡಿದು ಎರಡು ಕವಲಾಗಿ, ಒಂದು ಪಾತ್ರೆಗೆ, ಇನ್ನೊಂದು ಫಿಟ್ಟರನ ಪಾದಕ್ಕೆ. ಆತ ಒಂದು ಡಬ್ಬದ ತಗಡನ್ನು ದೋಣಿಯಂತೆ ಬಾಗಿಸಿ ಅಡಿಗಿಟ್ಟು ಆ ಕಷ್ಟವನ್ನೇನೋ ದಾಟಿದ. ಪ್ಲಗ್ಗಿಗೆ ಉಪಾಯ ಹೊಳೆಯಲಿಲ್ಲ.

ಆಜ್ಞಾಪತ್ರ ಬರೆದ ಆಡಳಿತಾಧಿಕಾರಿ ಜನವರಿ ೧ರಂದು ಬಂದವರು. ದುಷ್ಟರಲ್ಲ, ಪುಸ್ತಕವನ್ನು ನಂಬುವವರು. ನರ್ಸುಗಳು ರೋಗಿಗಳ ಮನೆಗೆ ತಡವಾಗಿ ಹೋಗುತ್ತಿದ್ದುದೂ ಸುಳ್ಳಲ್ಲ.

ನಿಧಾನಪ್ಪ ಅವಸರವನ್ನು ಕಲಿಯಲು ಹೊರಟ. ಹಲಗೆಯನ್ನು ಮೂಲೆಗೆ ಒರಗಿಸಿ, ಸ್ಕ್ರೂಗಳನ್ನು ಒಂದೇ ಬಟ್ಟಲಿಗೆ ಹಾಕಿ, ಫೆಬ್ರವರಿ ೧೭ರ ಮಂಗಳವಾರ ನಲವತ್ತೊಂದು ನಿಮಿಷಕ್ಕೆ ಮುಗಿಸಿದ. ಆ ಗಾಡಿ ಹತ್ತಿ ಹೋದವರು ಹಿರಿಯ ನರ್ಸು, ಎಲ್ಲರ ಬಾಯಲ್ಲಿ ದೊಡ್ಡಕ್ಕ. ಮಧ್ಯಾಹ್ನ ಒಂದು ಗಂಟೆಗೆ ಅವರು ಗಾಡಿ ತಳ್ಳಿಕೊಂಡು ಬಂದರು.

"ಏನಪ್ಪಾ ನಿಧಾನಪ್ಪ, ಹೆಸರು ಬದಲಾಯಿಸ್ಕೊಂಡ್ಯಾ?" ಎಂದು ಬೆವರು ಒರೆಸಿಕೊಂಡರು. "ಪೆಟ್ರೋಲ್ ಪೈಪು ಕಳಚಿಕೊಂಡು ನನ್ನ ಚಪ್ಪಲಿಗೆಲ್ಲ ಅಭಿಷೇಕ ಆಯ್ತು. ಎರಡು ಮೈಲಿ ತಳ್ಳಿದೀನಿ."

ಪೈಪಿನ ಕ್ಲಿಪ್ಪು ಬಟ್ಟಲಿನ ತಳದಲ್ಲಿ ತಣ್ಣಗೆ ಕುಳಿತಿತ್ತು. ಫಿಟ್ಟರನ ಮುಖ ಬಾಡಿತು. "ತಪ್ಪಾಯ್ತು ದೊಡ್ಡಕ್ಕ. ಬೆಂಕಿ ಕಿಡಿ ಬಿದ್ದಿದ್ರೆ..."

"ಬಿದ್ದಿಲ್ವಲ್ಲ, ಬಿಡು. ಆದ್ರೆ ನಮಗೆ ಹಳೇ ನಿಧಾನಪ್ಪನೇ ಬೇಕು. ತಡವಾಗಿ ಹೋದ್ರೆ ರೋಗಿ ಬೈತಾನೆ. ಹೋಗದೇ ಇದ್ರೆ ಬೈಯೋಕೆ ಅವನೇ ಇರಲ್ಲ."

ಅಂದೇ ಹಲಗೆ ಮೂಲೆಯಿಂದ ಮೇಜಿಗೆ ಮರಳಿತು. ಉಗ್ರಾಣಕ್ಕೆ ಹೋದರೂ ಸರಿಯೆ, ಇನ್ನೊಮ್ಮೆ ಅವಸರಪಡುವುದಿಲ್ಲವೆಂದು ಆತ ನಿಶ್ಚಯಿಸಿಕೊಂಡ. ಆದರೆ ಒಂದು ಮುಳ್ಳು ಒಳಗೆ ಉಳಿಯಿತು: ಲೋಕದಲ್ಲಿ ಯಾರೋ ಒಬ್ಬ ಇದನ್ನು ಹನ್ನೆರಡು ನಿಮಿಷಕ್ಕೆ ಮಾಡಿದ್ದಾನಲ್ಲ, ಹೇಗೆ?

೨೨ರ ಭಾನುವಾರ ಬೆಳಿಗ್ಗೆ ಆತ ಪುಸ್ತಕವನ್ನು ಮನೆಯ ಕಿಟಕಿಯ ಬಳಿ ಹರಡಿಕೊಂಡು ಕುಳಿತಿದ್ದ. ಪಕ್ಕದಲ್ಲೇ ಹೆಂಡತಿಯ ಹೊಲಿಗೆ ಯಂತ್ರ. ನರ್ಸುಗಳ ಸಮವಸ್ತ್ರಗಳೆಲ್ಲ ಆಕೆಯ ಕೈಯಿಂದಲೇ ಹೊರಬರುತ್ತಿದ್ದವು. ನೂಲು ತುಂಡರಿಸಿ ಆಕೆ ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಯ್ಯೋ, ಇಷ್ಟು ದೊಡ್ಡ ಕಂಪನಿ ಅಂತೀರಿ. ಬಟ್ಟೆಗೆ ಅಂಚು ಮಡಿಸಿ ಹೊಲೆಯೋಕೂ ಆಗ್ಲಿಲ್ವಾ ಅವರಿಗೆ? ಎಳೆ ಎಳೆ ಬಿಟ್ಕೊಂಡಿದೆ."

"ಯಾವ ಬಟ್ಟೆನೇ?"

"ಇದೇ, ಮೇಜಿನ ಮೇಲೆ ಹಾಸಿರೋದು."

"ಯಾವ ಮೇಜು?"

"ನಿಮ್ಮ ಎಂಜಿನ್ನು ಕೂತಿರೋ ಮೇಜು ಕಣ್ರೀ. ಮೂರು ತಿಂಗಳಿಂದ ಇದೇ ಪುಟಾನ ನೋಡ್ತಿದೀರಿ."

ಆತ ಪುಸ್ತಕವನ್ನು ಬೆಳಕಿಗೆ ಹಿಡಿದ. ಚಿತ್ರದಲ್ಲಿ ಪ್ಲಗ್ಗು ಬಿಚ್ಚುವ ಕೈ ಇತ್ತು, ಪಾನಾ ಇತ್ತು, ಎಂಜಿನ್ ಇತ್ತು. ಅದರ ಸುತ್ತ ಗಾಡಿಯೇ ಇರಲಿಲ್ಲ. ಟ್ಯಾಂಕಿಲ್ಲ, ಸೀಟಿಲ್ಲ, ಕ್ಯಾರಿಯರಿಲ್ಲ, ಚಕ್ರವೂ ಇಲ್ಲ. ಬೋಳು ಎಂಜಿನ್ನನ್ನು ಮೇಜಿನ ಮೇಲಿಟ್ಟು, ಅದರ ಮುಂದೆ ಕುಳಿತು, ಯಾರೋ ಹನ್ನೆರಡು ನಿಮಿಷ ಎಂದು ಬರೆದುಕೊಂಡಿದ್ದರು. ಹೆಂಡತಿ ವಿಷಯ ತಿಳಿದು ಸೊಂಟಕ್ಕೆ ಕೈಯಿಟ್ಟು ನಕ್ಕಳು.

"ಮೊಳೆಗೆ ನೇತುಹಾಕಿದ ಅಂಗಿಗೆ ಗುಂಡಿ ಹೊಲೆಯೋಕೆ ಎಷ್ಟು ಹೊತ್ತು ಬೇಕು? ಅಂಗಿ ಹಾಕ್ಕೊಂಡು ನೀವು ಅದರ ಮೇಲೆ ಕೋಟು, ಕಂಬಳಿ ಹೊದ್ದುಕೊಂಡು ಮಲಗಿದ್ರೆ ಆಗ ಗೊತ್ತಾಗತ್ತೆ."

ಆ ದಿನ ಆತ ಎರಡು ಹೊತ್ತೂ ಹೊಟ್ಟೆತುಂಬ ಉಂಡ.

೨೮ರ ಶನಿವಾರ ತೆಳುಮೋಡವಿತ್ತು, ಗಾಳಿಯಿರಲಿಲ್ಲ. ಅಧಿಕಾರಿ ಹತ್ತು ಗಂಟೆಗೆ ಸರಿಯಾಗಿ ಬಂದರು. ಉಕ್ಕಿನ ಪಟ್ಟಿಯ ಕೈಗಡಿಯಾರವನ್ನು ಒಮ್ಮೆ ನೋಡಿ ಸ್ಟೂಲಿನ ಮೇಲೆ ಕುಳಿತರು. ನಾಲ್ವರು ನರ್ಸುಗಳು ಏನೋ ನೆಪ ಮಾಡಿಕೊಂಡು ಬಾಗಿಲಲ್ಲಿ ನಿಂತರು, ಮುಂದೆ ದೊಡ್ಡಕ್ಕ.

"ಸಾರ್, ಮೊದಲು ಈ ಚಿತ್ರ ಒಂದು ನೋಡಿ" ಎಂದ ಫಿಟ್ಟರ್.

"ಚಿತ್ರ ಆಮೇಲೆ ನೋಡೋಣ. ಕೆಲಸ ತೋರಿಸಿ."

"ಹಾಗಾದ್ರೆ ನೀವು ಓದಿ ಸಾರ್, ನಾನು ಅದರಂತೆ ಮಾಡ್ತೀನಿ."

ಅಧಿಕಾರಿ ಪುಸ್ತಕವನ್ನು ಕೈಗೆತ್ತಿಕೊಂಡರು. "ಒಂದು. ಪ್ಲಗ್ಗಿನ ಟೋಪಿಯನ್ನು ಎಳೆದು ತೆಗೆಯಿರಿ."

"ಟೋಪಿಗೆ ಕೈ ಹೋಗಲ್ಲ ಸಾರ್. ಟ್ಯಾಂಕು ಮೇಲೆ ಕೂತಿದೆ."

"ಟ್ಯಾಂಕಿನ ಮಾತು ಇಲ್ಲಿ ಬಂದೇ ಇಲ್ಲ. ನಿಮ್ಮ ಕೈ ದಪ್ಪ, ಅದಕ್ಕೇ. ಸರೀರಿ ಸ್ವಲ್ಪ." ಅವರ ಕೈ ನಿಜಕ್ಕೂ ಸಪೂರವಾಗಿತ್ತು. ಟ್ಯಾಂಕಿಗೂ ಎಂಜಿನ್ನಿಗೂ ನಡುವಿನ ಸಂದಿಯಲ್ಲಿ ಅದು ಸರಾಗವಾಗಿ ಒಳಗೆ ಹೋಯಿತು. "ನೋಡಿ, ಟೋಪಿ ಸಿಕ್ತು" ಎಂದರು. ಎಳೆದರು. ಟೋಪಿ ಬರಲಿಲ್ಲ, ಕೈಯೂ ಬರಲಿಲ್ಲ. ಗಡಿಯಾರದ ಪಟ್ಟಿ ಒಳಗಿನ ತಂತಿಯ ಕೊಕ್ಕೆಗೆ ಸಿಕ್ಕಿಹಾಕಿಕೊಂಡಿತ್ತು.



"ಕೈಯೂ ಒಳಗೆ, ಗಡಿಯಾರವೂ ಒಳಗೆ" ಎಂದರು ದೊಡ್ಡಕ್ಕ. "ಇನ್ನು ಹೊತ್ತು ನೋಡೋರು ಯಾರು? ಇರಲಿ ಸಾರ್, ನಾಡಿ ನೋಡೋ ಗಡಿಯಾರ ನನ್ನ ಹತ್ರ ಇದೆ. ಹತ್ತು ಗಂಟೆ ಒಂಬತ್ತು ನಿಮಿಷ."

"ಪಟ್ಟಿ ಕತ್ತರಿಸಿಬಿಡಿ" ಎಂದರು ಅಧಿಕಾರಿ.

"ಕತ್ತರಿ ಹೋಗೋ ಜಾಗ ಇದ್ದಿದ್ರೆ ಪಾನಾನೂ ಹೋಗ್ತಿತ್ತು ಸಾರ್. ಟ್ಯಾಂಕೇ ಎತ್ತಬೇಕು. ಅಲುಗಾಡ್ಬೇಡಿ, ಚರ್ಮ ಕಿತ್ತು ಬರತ್ತೆ."

ನಿಧಾನಪ್ಪ ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಕ್ಯಾರಿಯರಿನ ಬೋಲ್ಟು ಮೊದಲ ತೂತಿಗೆ ಬಿತ್ತು. ಅರ್ಧ ಬಗ್ಗಿ ನಿಂತ ಅಧಿಕಾರಿಗೆ ನೋಡಲು ಬೇರೇನೂ ಇರಲಿಲ್ಲ. ಪ್ರತಿಯೊಂದು ಸ್ಕ್ರೂವನ್ನೂ ನೋಡಿದರು.

"ಇದನ್ಯಾಕ್ರೀ ಕಂಬಿ ಹಿಂದೆ ಇಟ್ರು?"

"ನಾನೂ ನವೆಂಬರಿಂದ ಅದನ್ನೇ ಕೇಳ್ತಿದೀನಿ ಸಾರ್."

"ಈ ಸ್ಕ್ರೂಗೆ ಪಾನಾನೇ ಬೇರೆ?"

"ಒಂದೇ ಮುಚ್ಚಳಕ್ಕೆ ಮೂರು ಜಾತಿ ಸಾರ್. ಮಾಡಿದವನಿಗೂ ಏನೋ ಕಾರಣ ಇರತ್ತೆ. ನಮಗೆ ಹೇಳಿಲ್ಲ, ಅಷ್ಟೆ."

ದೊಡ್ಡಕ್ಕ ಪುಸ್ತಕವನ್ನು ಎತ್ತಿ ಅವರ ಮುಖದ ಮುಂದೆ ಹಿಡಿದರು. "ಹೊತ್ತು ಹೋಗೋಕೆ ಚಿತ್ರ ಆದ್ರೂ ನೋಡಿ ಸಾರ್." ಅಧಿಕಾರಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದರಲ್ಲಿ ಗಾಡಿನೇ ಇಲ್ವಲ್ರೀ" ಎಂದರು ಕೊನೆಗೆ, ಮೆಲ್ಲನೆ.

"ನಮ್ಮನೆಯವಳು ಕಂಡುಹಿಡಿದಿದ್ದು ಸಾರ್. ಮೇಜಿನ ಬಟ್ಟೆಗೆ ಅಂಚು ಹೊಲೆದಿಲ್ಲ ಅಂತ ಅವಳಿಗೆ ಸಿಟ್ಟು."

ಟ್ಯಾಂಕು ಮೇಲೆದ್ದಿತು, ಕೈ ಹೊರಬಂದಿತು, ಗಡಿಯಾರವೂ ಕೆಡದೆ ಬಂದಿತು. "ಇಪ್ಪತ್ತಾರು ನಿಮಿಷ" ಎಂದರು ದೊಡ್ಡಕ್ಕ, "ಪ್ಲಗ್ಗು ಇನ್ನೂ ಇದ್ದಲ್ಲೇ ಇದೆ." ಅಧಿಕಾರಿ ಮಣಿಕಟ್ಟು ಉಜ್ಜಿಕೊಂಡರು. ಎದ್ದು ಹೋಗಬಹುದಾಗಿತ್ತು, ಹೋಗಲಿಲ್ಲ. ಸ್ಟೂಲಿನ ಮೇಲೆ ಕುಳಿತು, ಹಲಗೆ ಪೂರ್ತಿ ಬರಿದಾಗುವವರೆಗೆ ಕಾದರು. ಬಳಿಕ ಜೇಬಿನಿಂದ ಆಜ್ಞಾಪತ್ರದ ಪ್ರತಿಯನ್ನು ತೆಗೆದರು.

"ಇದರಲ್ಲೊಂದು ತಪ್ಪಿದೆ. ನೀವು ಒಂದು ಗಂಟೆ ತಗೋತೀರಿ ಅಂತ ಬರೆದಿದೀನಿ. ಒಂದು ಗಂಟೆ ನಾಲ್ಕು ನಿಮಿಷ" ಎಂದು ಅದನ್ನು ಉದ್ದಕ್ಕೆ ಹರಿದರು. "ಎಣ್ಣೆ ಕೈ ಒರೆಸೋಕೆ ಇಟ್ಕೊಳ್ಳಿ."

ಮಾರ್ಚ್ ೨ರ ಸೋಮವಾರ ಆಜ್ಞೆ ಲಿಖಿತವಾಗಿ ರದ್ದಾಯಿತು. ಪ್ರತಿ ಸಲ ಪ್ಲಗ್ಗು ಬದಲಾಯಿಸಲು ಒಂದೂವರೆ ಗಂಟೆಯೆಂದು ಗೊತ್ತುಮಾಡಿ, ನರ್ಸುಗಳ ಹೊರಡುವ ವೇಳೆಯನ್ನು ಅದಕ್ಕೆ ಹೊಂದಿಸಲಾಯಿತು. ಮಾರ್ಚ್ ೫ರಂದು ಕಂಪನಿಗೆ ಪತ್ರ ಹೋಯಿತು. ಏಪ್ರಿಲ್ ೨೧ರಂದು ಉತ್ತರ ಬಂದಿತು: ಎಂಜಿನ್ನಿನ ನಕ್ಷೆ ಬರೆದವರ ಕಟ್ಟಡ ಬೇರೆ, ಟ್ಯಾಂಕಿನ ನಕ್ಷೆ ಬರೆದವರ ಕಟ್ಟಡ ಬೇರೆ, ಎಂಜಿನ್ ಮೊದಲು ಸಿದ್ಧವಾದ್ದರಿಂದ ಅದನ್ನು ಮೇಜಿನ ಮೇಲಿಟ್ಟೇ ಅವಧಿಯನ್ನು ಅಳೆಯಲಾಗಿತ್ತು. ೨೦೦೦ದ ಜೂನ್ ೧೪ರಂದು ಬಂದ ಗಾಡಿಗಳಲ್ಲಿ ಪ್ಲಗ್ಗು ಪಕ್ಕಕ್ಕೆ ಬಯಲಿಗೆ ಬಂದಿತ್ತು. ಎಣ್ಣೆಯ ಬಿರಡೆ ಮಾತ್ರ ಸ್ಟ್ಯಾಂಡಿನ ಪಟ್ಟಿಯ ಮೇಲೇ ಉಳಿದಿತ್ತು. ಫಿಟ್ಟರ್ ೨೦೦೭ನೆಯ ಜುಲೈ ೩೧ರಂದು ಅದೇ ಷೆಡ್ಡಿನಿಂದ ನಿವೃತ್ತನಾದ. ಹಲಗೆಯನ್ನು ಮನೆಗೆ ಒಯ್ದ. ಹೆಂಡತಿ ಅದರ ತೂತುಗಳಿಗೆ ಕಡ್ಡಿ ಸಿಕ್ಕಿಸಿ ನೂಲಿನ ಉಂಡೆಗಳನ್ನು ಇಡುತ್ತಾಳೆ. ತಗಡಿನ ದೋಣಿ ಷೆಡ್ಡಿನ ಮೊಳೆಯಲ್ಲಿ ಇಂದಿಗೂ ಇದೆ, ಬಳಕೆಯಲ್ಲಿದೆ.