ಅತ್ತೆ ಆರಿಸಿದ ಸ್ವಿಚರ್

ಬಬಲೇಶ್ವರದಲ್ಲಿ ನಮ್ಮದೊಂದು ಸಣ್ಣ ಮಂಗಲ ಕಾರ್ಯಾಲಯವಿದೆ. ಗಂಡ ಪಂಪ್‌ಸೆಟ್ ಅಂಗಡಿಯಲ್ಲೇ ಮುಳುಗಿರುವುದರಿಂದ ಅದನ್ನು ನಡೆಸುವವರು ನಾನು ಮತ್ತು ನನ್ನ ಅತ್ತೆ. ವೇದಿಕೆಯ ಪಕ್ಕ ಬಿಳಿ ಪರದೆ ಕಟ್ಟಿ ಪ್ರೊಜೆಕ್ಟರ್ ಹಾಕಿಸಿದ ಮೇಲೆ ನಮಗೆ ಹೊಸದೊಂದು ಜಗಳ ಗಂಟುಬಿತ್ತು. ಗಂಡಿನ ಕಡೆಯವರೂ ಲ್ಯಾಪ್‌ಟಾಪ್‌ನಲ್ಲಿ ಫೋಟೊ ತರುತ್ತಾರೆ, ಹೆಣ್ಣಿನ ಕಡೆಯವರೂ ತರುತ್ತಾರೆ. ಪ್ರೊಜೆಕ್ಟರಿಗೆ ಹೋಗುವುದು ಒಂದೇ ವೈರು. ಒಂದು ಮದುವೆಯಲ್ಲಂತೂ ವಧು ತೊಟ್ಟಿಲಲ್ಲಿ ಮಲಗಿದ್ದ ಫೋಟೊ ಪರದೆಯ ಮೇಲಿರುವಾಗಲೇ ವರನ ಭಾವ ಆ ವೈರು ಕಿತ್ತು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡ. ತೊಟ್ಟಿಲಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ಏರಿ ಕೂತ ವರ ಪ್ರತ್ಯಕ್ಷನಾದ. ಬೀಗರು ಊಟದವರೆಗೂ ಮುಖ ತಿರುಗಿಸಿಕೊಂಡೇ ಇದ್ದರು.

"ಇದಕ್ಕೊಂದು ದಾರಿ ಮಾಡಬೇಕವ್ವಾ," ಎಂದ ಅತ್ತೆ ಮರುದಿನವೇ ನನ್ನನ್ನೂ ಕರೆದುಕೊಂಡು ವಿಜಯಪುರದ ಬಸ್ಸು ಹತ್ತಿದರು.

ಅಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಯವನು ಅಂಗೈಯಗಲದ ಕಪ್ಪು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟ. "ಇದಕ್ಕ ಸ್ವಿಚರ್ ಅಂತಾರ ನೋಡ್ರಿ ಕಾಕಿ. ಎಲ್ಲಾ ವೈರು ಇದರಾಗ ಬರ್ತಾವ, ಒಂದ ವೈರು ಪ್ರೊಜೆಕ್ಟರಿಗಿ ಹೋಗ್ತೈತಿ. ಯಾವುದು ಬೇಕೋ ಅದರ ಗುಂಡಿ ಒತ್ತೂದು, ಅಷ್ಟರಿ."

"ನಮ್ಮ ಊಟದ ಹಾಲ್‌ನಾಗ ಒಂದು ಕ್ಯಾಮೆರಾ ಐತಿ. ಪಂಕ್ತಿ ಎದ್ದೈತೋ ಇಲ್ಲೋ ನೋಡಾಕ. ಅದನ್ನೂ ಹಚ್ಚಬಹುದೇನು?" ಅತ್ತೆ ಬಹಳ ಮುಗ್ಧವಾಗಿ ಕೇಳಿದರು.

"ಧಾರಾಳ ಹಚ್ಚರಿ." ಅವನು ಮೊದಲ ಪೆಟ್ಟಿಗೆ ಎತ್ತಿಕೊಂಡ. "ಇದು ಆಟೊಮ್ಯಾಟಿಕ್ ರಿ. ನೀವು ಕೈ ಹಚ್ಚೂದ ಬ್ಯಾಡ. ಯಾವುದು ಹೊಸದಾಗಿ ಚಾಲೂ ಆಗ್ತೈತಿ, ಅದನ್ನ ತಾನ ತೋರಸ್ತೈತಿ."

ತೋರಿಸಲೆಂದು ತನ್ನ ಮೊಬೈಲನ್ನೇ ಜೋಡಿಸಿದ. ಗೋಡೆಯ ದೊಡ್ಡ ಟಿವಿಯಲ್ಲಿ ಓಡುತ್ತಿದ್ದ ಹೂದೋಟ ಮಾಯವಾಗಿ ಅವನ ಮೊಬೈಲಿನ ಪರದೆ ಬಂತು. ಅದೇ ಗಳಿಗೆಗೆ ಮನೆಯಿಂದ ಸಂದೇಶವೂ ಬಂತು: "ಇವತ್ತೂ ಹುಳುಕ ಬದನಿಕಾಯಿ ತಂದ್ರ ಮನಿ ಒಳಗ ಬಿಡೂದಿಲ್ಲ." ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಓದಿದರು. ಅವನು ವೈರು ಕಿತ್ತ ರಭಸಕ್ಕೆ ಪೆಟ್ಟಿಗೆಯೇ ನೆಲಕ್ಕೆ ಬಿತ್ತು.

"ಇದು ಬ್ಯಾಡಪಾ," ಎಂದರು ಅತ್ತೆ. "ಯಾರೂ ಕೇಳದಿದ್ರೂ ನಡುವ ಬಾಯಿ ಹಾಕ್ತೈತಿ."

ಎರಡನೆಯದರಲ್ಲಿ ಗುಂಡಿ ಒತ್ತಿದಾಗಲೆಲ್ಲ ಪರದೆ ಒಂದಿಷ್ಟು ಹೊತ್ತು ಕಪ್ಪಾಗಿ, ಆಮೇಲೆ ಚಿತ್ರ ಬರುತ್ತಿತ್ತು. ನನಗೇನೋ ಅದು ಸಾಕೆನಿಸಿತು. ಅತ್ತೆ ತಲೆಯಾಡಿಸಿದರು. "ಕಪ್ಪಾದ್ರ ಮಂದಿ ಯಾರು ಏನ್ ಮಾಡಿದ್ರು ಅಂತ ಹಿಂದ ತಿರುಗಿ ನೋಡ್ತಾರ."

ಮೂರನೆಯದರಲ್ಲಿ ಕತ್ತಲಿಲ್ಲ, ತಡವಿಲ್ಲ; ಜೊತೆಗೊಂದು ಪುಟ್ಟ ರಿಮೋಟು. ಅತ್ತೆ ಅದನ್ನು ತೆಗೆದುಕೊಂಡು ಅಂಗಡಿಯ ಬಾಗಿಲವರೆಗೆ ನಡೆದರು. ಸೆರಗಿನ ಅಂಚಿನಿಂದ ರಿಮೋಟಿನ ತುದಿಯಷ್ಟೇ ಹೊರಗಿಟ್ಟು, ಬೀದಿಯ ಕಡೆ ನೋಡುತ್ತ ಒತ್ತಿದರು. ಚಿತ್ರ ಬದಲಾಯಿತು. "ಇದನ್ನ ಕಟ್ಟು," ಎಂದರು.

ಮುಂದಿನ ವಾರ ನಮ್ಮಲ್ಲಿ ಮಮದಾಪುರದ ಹುಡುಗಿಯ ನಿಶ್ಚಿತಾರ್ಥ. ಉಂಗುರ ಬದಲಾಯಿಸಿದ್ದಾಯಿತು, ಎರಡೂ ಕಡೆಯ ಫೋಟೊಗಳು ಜಗಳವಿಲ್ಲದೆ ಬಂದು ಹೋದವು. ಇನ್ನು ಊಟಕ್ಕೆ ಏಳಬೇಕು, ಅಷ್ಟರಲ್ಲಿ ತಿಕೋಟಾದಿಂದ ಬಂದಿದ್ದ ಹುಡುಗಿಯ ಸೋದರಮಾವ ಮೈಕು ಹಿಡಿದರು. ದ್ರಾಕ್ಷಿ ಬೆಳೆಗಾರರು, ಕಂಚಿನ ಕಂಠ. ಸೋದರಸೊಸೆಯ ಬಾಲ್ಯದ ಬಗ್ಗೆ ಎರಡು ಮಾತು ಎಂದವರು ಹೆಣ್ಣಿನ ಕಡೆಯ ಲ್ಯಾಪ್‌ಟಾಪ್‌ನಲ್ಲಿ ತಾವೂ ಫೋಟೊ ತುಂಬಿಸಿಟ್ಟಿದ್ದರು. ಮೊದಲ ಫೋಟೊದಲ್ಲಿ ಸೊಸೆ ಇದ್ದಳು. ಎರಡನೆಯದರಲ್ಲಿ ಸೊಸೆಯ ಹಿಂದೆ ದ್ರಾಕ್ಷಿ ಬಳ್ಳಿಯಿತ್ತು. ಆಮೇಲೆ ಬಳ್ಳಿಯಷ್ಟೇ. ಹನಿ ನೀರಾವರಿಯ ಪೈಪು, ಒಣದ್ರಾಕ್ಷಿಯ ಶೆಡ್ಡು, ಶೆಡ್ಡಿನ ಹಿಂಭಾಗ, ಶೆಡ್ಡಿನ ಮುಂಭಾಗ. ಕೂಸುಗಳು ಅಳತೊಡಗಿದವು. ಅಡುಗೆಯವನು ಬಾಗಿಲಲ್ಲಿ ಇಣುಕಿ, "ಹೋಳಿಗಿ ಆರಾಕತ್ತಾವ್ರಿ," ಎಂದು ನನ್ನ ಕಿವಿಯಲ್ಲಿ ಗೋಳಾಡಿ ಹೋದ.

ಸೋದರಮಾವ ಪರದೆಗೆ ಬೆನ್ನು ಮಾಡಿ ನಿಂತು ಕೈ ಮೇಲೆತ್ತಿದರು. "ಈಗ ನೋಡ್ರಿ! ಇದು ನನ್ನ ಇಡೀ ಜೀವಮಾನದ ಸಾಧನೆ!"

ಪರದೆಯ ಮೇಲೆ ಊಟದ ಹಾಲ್ ಮೂಡಿತು. ಬಾಳೆಲೆಗಳ ಸಾಲು, ಗೋಪುರದಂತೆ ಪೇರಿಸಿದ ಹೋಳಿಗೆ, ಅದರ ಮೇಲೆ ಯಾರೋ ಸುರಿಯುತ್ತಿದ್ದ ತುಪ್ಪ.

ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಸೋದರಮಾವ ಎದೆಯ ಮೇಲೆ ಕೈಯಿಟ್ಟು ಬಾಗಿ ನಮಸ್ಕರಿಸಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಸಾಧನೆ ನೋಡಿದ್ವಿ, ಇನ್ನ ರುಚಿ ನೋಡೂಣ ನಡೀರಿ," ಎಂದದ್ದೇ ತಡ, ಕುರ್ಚಿಗಳೆಲ್ಲ ಸದ್ದು ಮಾಡಿದವು.

ನಾನು ಹಿಂದಿನ ಸಾಲಿನ ಕಡೆ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ, "ಏನಾತವ್ವಾ, ಮಂದಿ ಯಾಕ ಎದ್ದರು?" ಎಂದು ನನ್ನನ್ನೇ ಕೇಳಿದರು. ತುಟಿ ಕಚ್ಚಿಕೊಂಡು ನಗು ತಡೆದೆ.

ಸೋದರಮಾವ ಮೈಕು ಹಿಡಿದೇ ಪೆಚ್ಚಾಗಿ ನಿಂತಿದ್ದರು. ಪಾಪ ಅನಿಸಿ ನಾನೇ ಕರೆದೊಯ್ದು ಮೊದಲ ಪಂಕ್ತಿಯಲ್ಲಿ ಕೂರಿಸಿ, ಹೋಳಿಗೆಗೆ ಇನ್ನೊಂದು ಹೋಳಿಗೆ ಸೇರಿಸಿ ಬಡಿಸಿದೆ. ಮೊದಲ ತುತ್ತಿಗೇ ಮುಖ ಅರಳಿತು. ಅಷ್ಟರಲ್ಲಿ ಪಕ್ಕದವರು, "ಕಾಕಾ, ಆ ಕ್ಯಾಮೆರಾದಾಗ ಹಿಡದು ನಿಮ್ಮನ್ನ ಅಲ್ಲಿ ಪರದೆ ಮ್ಯಾಲ ತೋರಸಾಕತ್ತಾರ," ಎಂದರು. ಅವರು ಕೈಯಲ್ಲಿ ಹೋಳಿಗೆಯ ತುಂಡು ಹಿಡಿದುಕೊಂಡೇ ಎದ್ದು ನಿಂತು, ಕ್ಯಾಮೆರಾದತ್ತ ತಿರುಗಿ, ಬಿಟ್ಟಲ್ಲಿಂದ ಭಾಷಣ ಮುಂದುವರಿಸಿದರು.

ನಾನು ಸಭಾಂಗಣಕ್ಕೆ ಓಡಿ ಬಂದೆ. ಅಲ್ಲಿ ಮೊಣಕಾಲು ನೋವಿನ ನಾಲ್ಕಾರು ಮುದುಕಿಯರಿಗೆ ಕುರ್ಚಿಗೇ ತಾಟು ತಂದುಕೊಟ್ಟಿದ್ದರು. ಅತ್ತೆಯೂ ಅವರ ನಡುವೆ ಉಣ್ಣುತ್ತ ಕೂತಿದ್ದರು. ಪರದೆಯ ಮೇಲೆ ಸೋದರಮಾವನ ಬಾಯಿ ಆಡುತ್ತಿತ್ತು, ಹೋಳಿಗೆ ಗಾಳಿಯಲ್ಲಿ ಹಾರಾಡುತ್ತಿತ್ತು. ಕ್ಯಾಮೆರಾಕ್ಕೆ ಧ್ವನಿಯ ವ್ಯವಸ್ಥೆ ಇರಲಿಲ್ಲ.

"ಬದಲಿ ಮಾಡಲೇನ್ರಿ ಅತ್ತಿ?" ಎಂದೆ.

"ಬ್ಯಾಡವ್ವಾ," ಎಂದರು ಅತ್ತೆ, ಮತ್ತೊಂದು ತುತ್ತು ಮುರಿಯುತ್ತ. "ಈಗ ಭಾಳ ಚಂದ ಮಾತಾಡಾಕತ್ತಾರ. ಮುಗಸ್ಲಿ."