ಅಸ್ತು ದೇವತೆಗಳಿಗೆ ಹೆದರಿದ ಸಂಜೆ

ಎರಡು ಸಾವಿರದ ನಾಲ್ಕನೆಯ ಇಸವಿ, ಕಾರ್ತಿಕ ಮಾಸದ ಒಂದು ಗುರುವಾರ, ಸಂಜೆ ಆರು ಗಂಟೆ. ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಆಗ ಇದ್ದವರು ಇಬ್ಬರೇ, ಅಜ್ಜಿ ಮತ್ತು ಹನ್ನೊಂದು ವರ್ಷದ ನಾನು.

ಆ ದಿನಗಳಲ್ಲಿ ನಮ್ಮಲ್ಲಿ ಗಡಿಯಾರ ನೋಡದೆ ಏನೂ ನಡೆಯುತ್ತಿರಲಿಲ್ಲ. ಅಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಬಸ್ಸುಗಳಿಗೆ ಬರೆಯುವಂತೆಯೇ ನಮಗೂ ಒಂದು ವೇಳಾಪಟ್ಟಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದರು. ಅದರಲ್ಲಿ ನನ್ನ ಪಾಲಿನ ದೊಡ್ಡ ಕೆಲಸವೆಂದರೆ ಆರೂವರೆಗೆ ತಂಗಿಯನ್ನು ಹಾಡಿನ ಕ್ಲಾಸಿನಿಂದ ಕರೆತರುವುದು. ಚಿನ್ನಿಗೆ ಆಗ ಏಳು ವರ್ಷ. ಕ್ಲಾಸು ಮಾಗಡಿ ರಸ್ತೆಯಾಚೆ, ಬಸವೇಶ್ವರನಗರದ ಕಡೆ. "ಅಕ್ಕ ಬರೋವರೆಗೂ ಗೇಟು ಬಿಟ್ಟು ಕದಲಬಾರದು" ಎಂದು ಅಪ್ಪ ಅವಳಿಗೆ ಹೇಳಿದ್ದರು. ಅವಳು ಕದಲುತ್ತಲೂ ಇರಲಿಲ್ಲ.

ಅಂದು ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು. ನನ್ನ ಕೈವಾರದಿಂದ ನೆಲದ ಮೇಲೆ ಕುಂಟೆಬಿಲ್ಲೆಯ ಮನೆ ಗೀಚಿ, ಅದನ್ನು ಎಲ್ಲೋ ಕಳೆದಿದ್ದಳು. ಕೈವಾರ ತರದ ತಪ್ಪಿಗೆ ಲೆಕ್ಕದ ಪೀರಿಯಡ್ಡು ಮುಗಿಯುವವರೆಗೂ ನಾನು ತರಗತಿಯ ಬಾಗಿಲಾಚೆ ನಿಂತಿದ್ದೆ. ಅಜ್ಜಿ ಅವರೆಕಾಯಿ ಸಿಪ್ಪೆ ಎತ್ತಿಹಾಕಿ, ಸೊಗಡು ಹತ್ತಿದ ಕೈ ತೊಳೆದುಕೊಂಡು ಹೊಸಿಲಿಗೆ ದೀಪ ಹಚ್ಚಲು ಬಂದರು.

"ಅವಳು ಇವತ್ತು ಮನೆಗೇ ಬರದಿದ್ರೆ ಚೆನ್ನಾಗಿರುತ್ತೆ" ಎಂದೆ.

ಅಜ್ಜಿಯ ಕೈಯಲ್ಲಿ ಕಡ್ಡಿ ಉರಿಯುತ್ತಲೇ ನಿಂತಿತು. "ಬಿಡ್ತು ಅನ್ನೇ! ದೀಪ ಹಚ್ಚೋ ಹೊತ್ತಲ್ಲಿ ಇಂಥ ಮಾತಾ? ಅಸ್ತು ದೇವತೆಗಳು ಓಡಾಡ್ತಿರ್ತಾರೆ ಕಣೇ. ಅಸ್ತು ಅಂದ್ಬಿಟ್ರೆ ನೀನಂದಿದ್ದೇ ಆಗೋಗುತ್ತೆ."

"ಬಿಡ್ತು, ಬಿಡ್ತು. ಬರೀ ಮಾತಿಗೆ ಹಂಗಾಗುತ್ತಾ ಅಜ್ಜಿ?"

"ಮಾತಿಗಷ್ಟೇ ಅಲ್ಲ, ಮನಸಲ್ಲಿ ಅಂದ್ಕೊಂಡಿದ್ದಕ್ಕೂ. ದೀಪ ಆರೋದ್ರೊಳಗೆ ಒಳ್ಳೇದು ಅಂದ್ಕೋ, ಸರಿಹೋಗುತ್ತೆ."

ಅಷ್ಟು ಹೇಳಿ ಅಜ್ಜಿ ಪಕ್ಕದ ಬೀದಿಯ ಭಜನೆಗೆ ಹೊರಟುಹೋದರು.

ಒಬ್ಬಳೇ ಆದೆ. ಗಾಳಿ ಬೀಸಿತು, ದೀಪದ ಕುಡಿ ಬಾಗಿತು. ಎರಡೂ ಕೈ ಅಡ್ಡ ಹಿಡಿದು ಕೂತೆ. ಒಳ್ಳೆಯದನ್ನು ನೆನೆಯಲು ಹೋದಷ್ಟೂ ಕೆಟ್ಟದ್ದೇ ಕಣ್ಣಿಗೆ ಕಟ್ಟುತ್ತಿತ್ತು: ಮಾಗಡಿ ರಸ್ತೆ, ಮರಳಿನ ಲಾರಿ, ಚಿನ್ನಿಯ ಒಂದೇ ಒಂದು ಚಪ್ಪಲಿ. ಮನಸ್ಸಿನಲ್ಲಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದಲ್ಲ! "ಬರ್ತಾಳೆ, ಬರ್ತಾಳೆ" ಎಂದು ಗಟ್ಟಿಯಾಗಿ ಹೇಳತೊಡಗಿದೆ.

ಆರೂವರೆಯಾಯಿತು. ಎದ್ದರೆ ದೀಪ ಆರುತ್ತದೆ, ಆರಿದರೆ ಅವಳು ಬರುವುದಿಲ್ಲ. ನಾನು ಎದ್ದು ಹೋಗದೆ ಅವಳು ಬರುವ ದಾರಿಯೇ ಇಲ್ಲ ಎಂಬುದು ಆ ಭಯದಲ್ಲಿ ಹೊಳೆಯಲೇ ಇಲ್ಲ.

ಮಹಡಿಯ ಮನೆಯ ಆಂಟಿ ಮೆಟ್ಟಿಲಿಳಿಯುತ್ತಾ ನಕ್ಕರು. "ಏನೇ, ಬಾಗಿಲಲ್ಲಿ ಕೂತು ಜಪ ಮಾಡ್ತಿದೀಯಾ? ಸನ್ಯಾಸಿ ಆಗ್ತೀಯಾ?"

ನಾನು ಕೈ ತೆಗೆಯಲಿಲ್ಲ.

ಏಳೂ ಹತ್ತಕ್ಕೆ ಅಮ್ಮ ಕೆಲಸದಿಂದ ಬಂದರು. "ಚಿನ್ನಿ ಎಲ್ಲೇ?"

"ಬರ್ತಾಳಮ್ಮ."

"ಬರ್ತಾಳೆ ಅಂದ್ರೆ? ಯಾರು ಕರ್ಕೊಂಡ್ ಬರ್ತಾರೆ?"

ಅಮ್ಮ ಬ್ಯಾಗು ಅಲ್ಲೇ ಎಸೆದು ನನ್ನ ರಟ್ಟೆ ಹಿಡಿದು ಓಡಿದರು. ಮಾಗಡಿ ರಸ್ತೆಯಲ್ಲಿ ಜನ ಗುಂಪುಗೂಡಿದ್ದಾರೆಯೇ ಎಂದು ನಾನು ಮೊದಲು ನೋಡಿದೆ. ಯಾರೂ ಇರಲಿಲ್ಲ. ಕ್ಲಾಸಿನ ಬೀದಿಯಲ್ಲಿ ಕರೆಂಟು ಹೋಗಿತ್ತು. ಒಳಗೆ ಮೋಂಬತ್ತಿ ಬೆಳಕಿನಲ್ಲಿ ಹಾಡಿನ ಟೀಚರು ಮುಂದಿನ ಗುಂಪಿಗೆ ಸರಳೆ ಹೇಳಿಸುತ್ತಿದ್ದರು. ಚಿನ್ನಿ ಹೊರಟುಹೋದಳೆಂದೇ ಅವರು ತಿಳಿದಿದ್ದರು. ಗೇಟಿನ ಹೊರಗೆ ಯಾರೂ ಕಾಣಲಿಲ್ಲ.

"ಚಿನ್ನೀ!" ಎಂದು ಅಮ್ಮ ಕೂಗಿದರು. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವಳು ಗೇಟಿನ ಒಳಗಡೆ, ಕಂಬದ ಕತ್ತಲಲ್ಲಿ, ಎರಡೂ ಕೈಯಲ್ಲಿ ಸರಳು ಹಿಡಿದು ನಿಂತಿದ್ದಳು. ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು: "ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ." ನನ್ನನ್ನು ನೋಡಿದ ಮೇಲೆಯೇ ಅವಳು ಅತ್ತದ್ದು. "ಎಷ್ಟೊತ್ತಿಂದ ಹೇಳ್ತಾ ಇದೀನಿ, ನೀನು ಬರ್ಲೇ ಇಲ್ಲ." ಹೆದರಿಕೆಗೆ ಲಂಗ ಒದ್ದೆಯಾಗಿತ್ತು.

ನಾನಂದದ್ದು ನಿಜವಾಗುವುದರಲ್ಲಿತ್ತು. ಅದನ್ನು ಯಾವ ದೇವತೆಯೂ ಮಾಡಲಿಲ್ಲ. ನನ್ನ ಯೋಚನೆಯೇ ನನ್ನನ್ನು ಹಿಡಿದು ಕೂರಿಸಿ ಮಾಡಿಸಿತು.

ಮನೆಗೆ ಬರುವಾಗ ಅವಳು ಅಮ್ಮನ ಕೈ ಹಿಡಿದಳು. ಮುಂದಿನ ವಾರದಿಂದ ಗೆಳತಿಯೊಬ್ಬಳ ತಾಯಿಯ ಜೊತೆ ಬರತೊಡಗಿದಳು. ಈಗ ಅವಳು ಎಂಥ ರಸ್ತೆಯನ್ನೂ ಒಬ್ಬಳೇ ದಾಟುತ್ತಾಳೆ, ನಾನು ಐದು ನಿಮಿಷ ತಡಮಾಡಿದರೆ "ನೀನು ಆಮೇಲೆ ಬಾ" ಎಂದು ಹೊರಟುಬಿಡುತ್ತಾಳೆ. ಅದೇ ಸರಿ. ಆದರೆ ನಾನು ಬಂದೇ ಬರುತ್ತೇನೆಂದು ಅಷ್ಟು ಗಟ್ಟಿಯಾಗಿ ನಂಬಿ ನಿಂತವರನ್ನು ಆಮೇಲೆ ನಾನು ಕಂಡಿಲ್ಲ.

ಆ ರಾತ್ರಿ ಎಂಟಕ್ಕೆ, ಯಾರೂ ಹೇಳದಿದ್ದರೂ, ಬಚ್ಚಲಿಗೆ ಹೋಗಿ ಅವಳ ಲಂಗ ನೆನೆಸಿ, ಸೋಪು ಹಚ್ಚಿ ಒಗೆದೆ. ನೀರು ತಿಳಿಯಾಗುವವರೆಗೂ ಜಾಲಿಸಿ, ಹಿಂಡಿ, ನಿರಿಗೆ ಬಿಡಿಸಿ ಹಗ್ಗದ ಮೇಲೆ ಹರವಿದೆ.